ಬೆನಿನ್ ಒಪ್ಪುವುದಿಲ್ಲ

ಡೀನ್ ಶೇಖರಪ್ಪನವರನ್ನು ಕಂಡರೆ ನನಗಾಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಸರಳಾ ಮೇಡಂ ಹೊಟ್ಟೆಕಿಚ್ಚಿಗೆ ಮಾತಾಡುತ್ತಾರೆ ಎಂದು ಯಾರೂ ಬೆನ್ನ ಹಿಂದೆ ಆಡಿಕೊಳ್ಳುವುದು ಬೇಡ. ಹೊಟ್ಟೆಕಿಚ್ಚೂ ಇದೆ. ಅವರದು ಕೋಗಿಲು ದಾಟಿದ ಮೇಲೆ ಎದ್ದು ನಿಂತಿರುವ ಖಾಸಗಿ ಸಂಸ್ಥೆ; ಗಾಜಿನ ಗೋಡೆ, ಹುಲ್ಲುಹಾಸು, ಬಾಗಿಲಲ್ಲಿ ಸೆಲ್ಯೂಟ್ ಹೊಡೆಯುವ ಗಾರ್ಡು. ನನ್ನದು ಹೆಬ್ಬಾಳದ ಕಡೆಯ ಒಂದು ಸರ್ಕಾರಿ ಪದವಿ ಕಾಲೇಜು. ಅಲ್ಲಿ ನಾನು ಅರ್ಥಶಾಸ್ತ್ರದ ಅತಿಥಿ ಉಪನ್ಯಾಸಕಿ. ಹನ್ನೊಂದು ವರ್ಷದಿಂದ ಅತಿಥಿ. ಇಷ್ಟು ಕಾಲ ಜಗಲಿಯ ಮೇಲೇ ಕೂತ ಅತಿಥಿಗೆ ನಾಲಿಗೆ ಹರಿತವಾಗದೆ ಇನ್ನೇನಾಗುತ್ತದೆ?

ಅದು ಎರಡು ಸಾವಿರದ ಹದಿನಾಲ್ಕರ ಜನವರಿ. ಹಿಂದಿನ ತಿಂಗಳಷ್ಟೇ ಬಾಲಿಯಲ್ಲಿ ವಿಶ್ವ ವ್ಯಾಪಾರ ಸಂಘಟನೆಯ ಸಭೆ ಮುಗಿದಿತ್ತು. ಶೇಖರಪ್ಪನವರು ಪ್ರತಿವರ್ಷ ನಡೆಸುವ ಅಣಕು ಸಮ್ಮೇಳನಕ್ಕೆ ಆ ಸಲ ಅದೇ ವಿಷಯ ಇಟ್ಟರು. ಅಣಕು ಎಂದರೆ, ಒಬ್ಬೊಬ್ಬ ವಿದ್ಯಾರ್ಥಿ ಒಂದೊಂದು ದೇಶವಾಗಿ ಕೂತು, ಎರಡು ದಿನ ವಾದ ಮಾಡಿ, ಕೊನೆಗೆ ಎಲ್ಲರೂ ಸೇರಿ ಒಂದು ಘೋಷಣೆ ಒಪ್ಪಬೇಕು. ಅಮೆರಿಕ, ಯುರೋಪು, ಚೀನಾ, ಜಪಾನು, ಬ್ರೆಜಿಲ್, ಭಾರತ, ಎಲ್ಲವೂ ಅವರ ಮಕ್ಕಳಿಗೇ. ಹೊರಗಿನ ಕಾಲೇಜುಗಳಿಗೆ ಉಳಿದ ಚಿಲ್ಲರೆ. ನಮಗೆ ಬಂದದ್ದು ಆಫ್ರಿಕದ ಬೆನಿನ್ ಮತ್ತು ಮಾಲಿ.

"ಬೆನಿನ್ ಅಂದ್ರೆ ಕೆಮ್ಮಿನ ಔಷಧಿ ಅಲ್ವೇನ್ರೀ?" ಎಂದು ನಮ್ಮ ಪ್ರಿನ್ಸಿಪಾಲರು ಕೇಳಿದರು. ತಮಾಷೆಗೆ ಕೇಳಿದ್ದಲ್ಲ.

ಆದರೂ ನಾನು ಒಪ್ಪಿಕೊಂಡೆ, ರುಖ್ಸಾರ್‌ಗೋಸ್ಕರ. ಸಮ್ಮೇಳನದಲ್ಲಿ ಎಲ್ಲರಿಗಿಂತ ಮಿಗಿಲೆನಿಸಿದ ಒಬ್ಬರಿಗೆ ಆ ಸಂಸ್ಥೆಯ ಅಂತರರಾಷ್ಟ್ರೀಯ ವ್ಯಾಪಾರದ ಎಂ.ಎ.ಗೆ ಪುಕ್ಕಟೆ ಸೀಟು ಸಿಗುತ್ತಿತ್ತು, ಹಾಸ್ಟೆಲ್ಲೂ ಸೇರಿ. ರುಖ್ಸಾರ್ ಕೊನೇ ವರ್ಷದ ಬಿ.ಎ. ಹುಡುಗಿ. ಆರ್.ಟಿ. ನಗರದ ಒಂದು ಗಲ್ಲಿಯಲ್ಲಿ ಅವಳ ಅಪ್ಪ ತಾಜುದ್ದೀನ್ ಹತ್ತಿ ಹಿಂಜಿ ಹಾಸಿಗೆ ಹೊಲಿಯುತ್ತಾರೆ. ಫೋಮ್ ಹಾಸಿಗೆ ಬಂದ ಮೇಲೆ ಆ ಕಸುಬು ಸೊರಗಿಹೋಗಿದೆ. ಫೀಸು ಕಟ್ಟಿ ಓದಿಸುವ ಮಾತೇ ಇರಲಿಲ್ಲ. ಈ ಸೀಟು ಸಿಕ್ಕದಿದ್ದರೆ ಜೂನ್‌ನಿಂದ ನಾಗವಾರದ ಕಾಲ್ ಸೆಂಟರ್ ಎಂದು ಆಗಲೇ ನಿಶ್ಚಯವಾಗಿತ್ತು.

"ಒಂದ್ಸಲ ಆ ಹೆಡ್‌ಫೋನ್ ಕಿವಿಗೆ ಹಾಕೊಂಡ್ರೆ ಮುಗೀತು ಮೇಡಂ. ಆಮೇಲೆ ನಾನು ಪುಸ್ತಕ ಹಿಡಿಯಲ್ಲ. ನನ್ ಬಗ್ಗೆ ನಂಗೇ ಗೊತ್ತು," ಎಂದಿದ್ದಳು.

ಮಾಲಿಯಾಗಿ ಹೊರಟವನು ಮಹೇಂದ್ರ. ಸಹಕಾರನಗರದ ಹುಡುಗ, ಅಪ್ಪನದು ಸೈಟಿನ ವ್ಯವಹಾರ, ಇಂಗ್ಲಿಷು ನೀರು ಕುಡಿದಷ್ಟು ಸಲೀಸು. ಕೆಟ್ಟವನಲ್ಲ. ಎಲ್ಲರಿಗೂ ಬೇಕಾದವನಾಗಿರಬೇಕು ಎಂಬ ಚಪಲ ಇತ್ತು, ಅಷ್ಟೇ.

ಇಬ್ಬರನ್ನೂ ಕೂರಿಸಿಕೊಂಡು ವಾರಗಟ್ಟಲೆ ಅರೆದು ಕುಡಿಸಿದೆ. "ನೋಡ್ರೋ, ಸಣ್ಣ ದೇಶಕ್ಕೆ ದುಡ್ಡಿಲ್ಲ, ಸೈನ್ಯ ಇಲ್ಲ. ಆ ಸಂಘಟನೆ ಇರೋ ಜಿನೀವಾದಲ್ಲಿ ಒಂದು ಆಫೀಸ್ ಇಡೋಕೂ ಕೆಲವಕ್ಕೆ ಗತಿ ಇಲ್ಲ. ಇರೋದು ಒಂದೇ. ಅಲ್ಲಿ ಕೈ ಎತ್ತಿಸಿ ಲೆಕ್ಕ ಹಾಕಲ್ಲ, ಒಮ್ಮತ ಕೇಳ್ತಾರೆ. ಕೂತಿರೋರಲ್ಲಿ ಒಬ್ರು ಎದ್ದು ಒಪ್ಪಲ್ಲ ಅಂದ್ರೂ ನಿರ್ಣಯ ಬಿದ್ದುಹೋಗುತ್ತೆ. ಆದ್ರೆ ಬಾಯಿ ಬಿಟ್ಟು ಹೇಳ್ಬೇಕು. ಸುಮ್ನಿದ್ರೆ ಒಪ್ಪಿಗೆ ಅಂತ ಲೆಕ್ಕ. ಎದ್ದು ಆಚೆ ಹೋಗಿದ್ರೆ ಅದೂ ಒಪ್ಪಿಗೇನೇ."

"ಒಬ್ರೇ ಎದ್ದು ನಿಂತ್ರೆ ತುಳಿದುಬಿಡ್ತಾರಲ್ವಾ ಮೇಡಂ?" ಎಂದಳು ರುಖ್ಸಾರ್.

"ತುಳೀತಾರೆ. ನೆರವು ನಿಲ್ಲಿಸ್ತೀವಿ ಅಂತಾರೆ, ನಿಮ್ ಮಂತ್ರಿಗೇ ಫೋನ್ ಮಾಡಿ ದೂರು ಹೇಳ್ತಾರೆ. ಅದಕ್ಕೇ ಗುಂಪು ಕಟ್ಕೋಬೇಕು."

ಮೆಕ್ಸಿಕೋದ ಕಾನ್‌ಕುನ್ ಸಭೆಯ ಕಥೆ ಹೇಳಿದೆ. ಬೆನಿನ್, ಬುರ್ಕಿನಾ ಫಾಸೊ, ಚಾಡ್, ಮಾಲಿ, ಈ ನಾಲ್ಕೂ ಹತ್ತಿ ಬೆಳೆಯುವ ಬಡ ದೇಶಗಳು. ನೀವು ನಿಮ್ಮ ರೈತರಿಗೆ ಸುರಿಯುವ ಸಬ್ಸಿಡಿಯಿಂದ ಹತ್ತಿಯ ಬೆಲೆ ಬಿದ್ದು ನಮ್ಮವರು ಮಣ್ಣು ಮುಕ್ಕುತ್ತಿದ್ದಾರೆ ಎಂದು ನಾಲ್ಕೂ ಒಟ್ಟಿಗೆ ಎದ್ದು ಅಮೆರಿಕ, ಯುರೋಪಿನವರಿಗೆ ಹೇಳಿದವು. ಸಬ್ಸಿಡಿ ಅಂದೇ ನಿಂತುಹೋಗಲಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ಅಲ್ಲಿಂದಾಚೆಗೆ ಹತ್ತಿಯ ಮಾತು ಬಿಟ್ಟು ಸಭೆ ಮುಗಿಸುವುದು ದೊಡ್ಡವರಿಗೆ ಕಷ್ಟವಾಯಿತು. ರುಖ್ಸಾರ್ ಮರುದಿನ ಹತ್ತಿಯ ಮೇಲೆ ಇಂಟರ್‌ನೆಟ್ಟಿನಲ್ಲಿ ಸಿಕ್ಕಿದ್ದನ್ನೆಲ್ಲ ಓದಿಕೊಂಡು ಬಂದು ನನ್ನನ್ನೇ ಪ್ರಶ್ನೆ ಕೇಳಿ ಸುಸ್ತು ಮಾಡಿದಳು.

ಸಮ್ಮೇಳನದ ಮೊದಲ ದಿನ ಅವಳು ಮಾಡಿದ ಕೆಲಸ ನೋಡಿ ನನ್ನ ಎದೆ ಉಬ್ಬಿತು. ಬೆಳಗಿನ ಟೀ ಬಿಡುವಿನಲ್ಲಿ ಹೊರಗಿನ ಕಾಲೇಜುಗಳ ಮಕ್ಕಳನ್ನೆಲ್ಲ ಸೈಕಲ್ ಸ್ಟ್ಯಾಂಡಿನ ಹತ್ತಿರ ಕರೆದುಕೊಂಡು ಹೋದಳು. ಯಲಹಂಕ, ಯಶವಂತಪುರ, ದೊಡ್ಡಬಳ್ಳಾಪುರ, ಎಲ್ಲ ಕಡೆಯಿಂದ ಬಂದವರು. ಎಲ್ಲರೂ ಸಣ್ಣ ದೇಶಗಳು. ಕೆಲವರಿಗೆ ತಮ್ಮ ದೇಶ ಭೂಪಟದಲ್ಲಿ ಎಲ್ಲಿದೆ ಎಂದೂ ಗೊತ್ತಿರಲಿಲ್ಲ.

"ನನ್ ಹತ್ತಿಗೆ ನೀವು ನಿಂತ್ಕೊಳ್ಳಿ, ನಿಮ್ ಮೀನಿಗೆ, ನಿಮ್ ಬಾಳೆಹಣ್ಣಿಗೆ ನಾನು ನಿಂತ್ಕೋತೀನಿ. ಒಬ್ಬೊಬ್ರೇ ಹೋದ್ರೆ ಆ ಸ್ಟೇಜ್ ಮೇಲಿರೋನು ನಮ್ ಹೆಸರೂ ಕರೆಯಲ್ಲ," ಎಂದಳು.

ಎಲ್ಲರೂ ಹೂಂ ಎಂದರು. ಗುಂಪಿನ ಪರವಾಗಿ ಮಾತಾಡುವುದಕ್ಕೆ ಮಹೇಂದ್ರನ ಹೆಸರು ಹೇಳಿದವಳೂ ಅವಳೇ. "ನಾನು ಇಂಗ್ಲಿಷಲ್ಲಿ ತಡವರಿಸ್ತೀನಿ ಕಣೋ, ನೀನು ಹೇಳು, ನಾನು ಹಿಂದೆ ಇರ್ತೀನಿ," ಎಂದಳು. ಅಂದು ಸಂಜೆಯೊಳಗೆ ಘೋಷಣೆಯ ಕರಡಿನಲ್ಲಿ ಮೂರನೇ ಕಲಮಾಗಿ ಹತ್ತಿಯ ಮಾತು ಸೇರಿಕೊಂಡಿತು. ಅದಿಲ್ಲದಿದ್ದರೆ ನಾವ್ಯಾರೂ ಒಪ್ಪುವುದಿಲ್ಲ ಎಂದು ಅಷ್ಟೂ ಸಣ್ಣ ದೇಶಗಳು ಒಂದೇ ದನಿಯಲ್ಲಿ ಹೇಳಿದ್ದವು. ಅಧ್ಯಕ್ಷನ ಕುರ್ಚಿಯಲ್ಲಿದ್ದವನು ಮುನಿರತ್ನ, ಆ ಸಂಸ್ಥೆಯ ಯಜಮಾನರ ಮಗ. ಪಾಪ, ಅವನು ಬಾಯಿ ಬಿಟ್ಟುಕೊಂಡು ಡೀನರ ಮುಖ ನೋಡಿದ. ಶೇಖರಪ್ಪನವರು ಆಗ ಮೊದಲ ಬಾರಿಗೆ ನಮ್ಮ ಕಡೆ ತಿರುಗಿ ನೋಡಿದರು.

ಎರಡನೇ ದಿನ ಊಟದ ಹೊತ್ತಿಗೆ ಅವರೇ ಬಂದು ಕೈ ಮುಗಿದು ನಿಂತರು.

"ಹೊರಗಿನ ಕಾಲೇಜಿನೋರೆಲ್ಲ ನಮ್ಮ ಅತಿಥಿಗಳು. ನಿಮಗೆ ಬಫೆ ಬೇಡ ಮೇಡಂ. ಹಿಂದಿನ ಹಾಲ್‌ನಲ್ಲಿ ಎಲೆ ಊಟ ಹಾಕ್ಸಿದೀನಿ. ನಮ್ಮ ಯಜಮಾನ್ರ ತಾಯಿ ದೊಡ್ಡಮುನಿಯಮ್ಮನೋರೂ ನಿಮ್ ಜೊತೆ ಪಂಕ್ತೀಲಿ ಕೂರ್ತಾರೆ. ಈ ಭೂಮಿ ಎಲ್ಲ ಅವ್ರದೇ. ಅವ್ರ ಆಶೀರ್ವಾದ ಮಕ್ಕಳಿಗೆ ಸಿಗ್ಲಿ."

ಎಷ್ಟು ನಯ! ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ. ಮಹೇಂದ್ರ ಒಬ್ಬನನ್ನು ಮಾತ್ರ ತಮ್ಮ ಕೊಠಡಿಗೆ ಕರೆದುಕೊಂಡು ಹೋದರು. ದೊಡ್ಡ ದೇಶಗಳ ಜೊತೆ ಕೂತು ಸ್ಯಾಂಡ್‌ವಿಚ್ ತಿನ್ನುತ್ತಾ ಎರಡು ಮಾತಾಡಬೇಕಂತೆ, ಗುಂಪಿನ ಮುಖಂಡನಲ್ಲವೇ. ಹೋಗು ಮಗಾ ಎಂದು ಎಲ್ಲರೂ ಖುಷಿಯಿಂದ ಕಳಿಸಿಕೊಟ್ಟರು. ಜಿನೀವಾದಲ್ಲೂ ಹೀಗೆ ಆಯ್ದ ಕೆಲವರು ಕೂರುವ ಒಂದು ಕೋಣೆ ಇರುತ್ತದೆ, ಅದಕ್ಕೆ ಹಸಿರು ಕೋಣೆ ಎನ್ನುತ್ತಾರೆ, ಸಣ್ಣವರು ಅದರ ಬಾಗಿಲಲ್ಲಿ ಕಾಯುತ್ತಾರೆ ಎಂದು ನಾನೇ ಪಾಠ ಮಾಡಿದ್ದೆ. ನಮ್ಮವನೊಬ್ಬ ಒಳಗೆ ಹೋಗುತ್ತಿದ್ದಾನಲ್ಲ ಎಂದು ನನಗೂ ಒಳಗೊಳಗೇ ಹೆಮ್ಮೆ.

ಎಲೆ ಹಾಕಿದರು. ಮುದ್ದೆ, ಹಿತಕಿದ ಅವರೆಬೇಳೆ ಸಾರು, ಕೋಸಂಬರಿ, ಪಾಯಸ. ಸಾಲಿನ ತಲೆಯಲ್ಲಿ ದೊಡ್ಡಮುನಿಯಮ್ಮ, ತೊಂಬತ್ತರ ಹತ್ತಿರದ ಮುದುಕಿ, ಬಾಯಲ್ಲಿ ಹಲ್ಲಿಲ್ಲ. ಮುದ್ದೆಯನ್ನು ಗೋಲಿಯಷ್ಟು ಮುರಿದು, ಸಾರಿನಲ್ಲಿ ಹೊರಳಿಸಿ, ಕಣ್ಣು ಮುಚ್ಚಿ ನುಂಗುತ್ತಿದ್ದಳು. ನಡುನಡುವೆ ನಿಲ್ಲಿಸಿ ಪಕ್ಕದ ಹುಡುಗಿಗೆ ಯಾವ ಊರವ್ವ ನಿಂದು ಎಂದು ಕೇಳುತ್ತಿದ್ದಳು. ಪ್ರೀತಿಯ ಮುದುಕಿ. ಅವಳ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ.

ನಾವು ಮಜ್ಜಿಗೆಗೆ ಬಂದಿದ್ದೆವು, ಮುದುಕಿ ಇನ್ನೂ ಮುದ್ದೆಯಲ್ಲೇ ಇದ್ದಳು. ಆಗ ಮೇಲಿನ ಸಭಾಂಗಣದಲ್ಲಿ ಗಂಟೆ ಬಾರಿಸಿತು. ಹೇಳಿದ್ದ ಸಮಯಕ್ಕಿಂತ ಎಷ್ಟೋ ಮುಂಚೆ! ರುಖ್ಸಾರ್ ಎಲೆ ಬಿಟ್ಟು ಅರ್ಧ ಎದ್ದಳು. ಬಡಿಸುತ್ತಿದ್ದ ಹೆಂಗಸು ಅವಳ ಭುಜ ಹಿಡಿದಳು.

"ಅಜ್ಜಿ ಇನ್ನೂ ಉಣ್ತಾವ್ರೆ, ಕೂತ್ಕೊಳವ್ವ. ಇರಿಯರು ಏಳೋ ಮುಂಚೆ ಪಂಕ್ತಿ ಬಿಟ್ಟು ಇಂಗೆಲ್ಲ ಎದ್ದೋಯ್ತಾರಾ?"

ಇಡೀ ಸಾಲು ರುಖ್ಸಾರ್‌ಳನ್ನೇ ನೋಡಿತು. ಮುದುಕಿಯೂ ಕಣ್ಣು ತೆರೆದು, "ಯಾಕವ್ವ, ಸಾರು ಚೆನ್ನಾಗಿಲ್ವಾ?" ಎಂದಳು. ಹುಡುಗಿ ನನ್ನ ಮುಖ ನೋಡಿದಳು. ನಮ್ಮ ಮನೆಗಳಲ್ಲಿ ಹುಟ್ಟಿದ ಯಾರಿಗೆ ತಾನೇ ಆ ಹೊತ್ತಿನಲ್ಲಿ ಎದ್ದು ಹೋಗುವ ಗುಂಡಿಗೆ ಇರುತ್ತದೆ? ಅವಳ ಮನೆಯಲ್ಲೂ ಊಟಕ್ಕೆ ಹಾಸುವ ದಸ್ತರಖಾನಿನಿಂದ ದೊಡ್ಡವರಿಗಿಂತ ಮೊದಲು ಯಾರೂ ಏಳುವುದಿಲ್ಲ. ಕೂತಳು. ನಾನೂ ಕೂತೆ. ಮುದುಕಿ ಪಾಯಸ ಮುಗಿಸಿ, ಕೈ ನೆಕ್ಕಿ, ಎರಡು ಕಡೆ ಹಿಡಿದು ಎಬ್ಬಿಸಿದ ಮೇಲೆ ಎದ್ದಳು.

ಕೈ ಒರೆಸಿಕೊಂಡು ಮೆಟ್ಟಿಲು ಹತ್ತಿ ಓಡಿದೆವು. ಒಳಗೆ ದೊಡ್ಡ ದೇಶಗಳೆಲ್ಲ ತಣ್ಣಗೆ ಕೂತಿದ್ದವು. ಅವುಗಳ ಮಧ್ಯೆ ಮಹೇಂದ್ರ.

"ಮೂರನೇ ಕಲಂ ಕೈಬಿಡಲಾಗಿದೆ," ಎಂದ ಮುನಿರತ್ನ, ಬರೆದುಕೊಟ್ಟಿದ್ದನ್ನು ಓದುವವನ ಹಾಗೆ. "ಹಾಜರಿದ್ದ ಸದಸ್ಯರಲ್ಲಿ ಯಾರೂ ಆಕ್ಷೇಪಿಸಲಿಲ್ಲ. ಒಮ್ಮತ."

ಅಯ್ಯೋ ನಿಮ್ಮ ಒಮ್ಮತಕ್ಕೆ ಬೆಂಕಿ ಹಾಕ! ಅನ್ನ ಹಾಕಿ ಕೂರಿಸಿ, ಮೇಲೆ ನಮ್ಮ ಖಾಲಿ ಕುರ್ಚಿಗಳನ್ನು ಲೆಕ್ಕ ಹಾಕಿಕೊಂಡಿದ್ದರು. ಶೇಖರಪ್ಪನವರು ಬೇಕೆಂದೇ ಮಾಡಿದರೋ ಇಲ್ಲವೋ ಎಂದು ಯಾರಾದರೂ ಕೇಳಿದರೆ ಸಾಕ್ಷಿ ಇಲ್ಲ. ಆದರೆ ನನ್ನ ಕಿವಿಗೆ ಹೂವಿಡುವುದು ಬೇಡ.

ಮಹೇಂದ್ರನನ್ನು ಕಾರಿಡಾರಿಗೆ ಎಳೆದುಕೊಂಡು ಹೋದೆ. "ಏನೋ ಇದು? ನೀನು ಅಲ್ಲೇ ಇದ್ಯಲ್ಲೋ! ಬಾಯಲ್ಲೇನು ಸ್ಯಾಂಡ್‌ವಿಚ್ ತುರುಕ್ಕೊಂಡಿದ್ಯಾ?"

"ಮುಂದೆ ಯಾವಾಗ್ಲಾದ್ರೂ ಪರಿಶೀಲಿಸ್ತೀವಿ ಅಂತ ಒಂದು ಸಾಲು ಸೇರಿಸಿದಾರೆ ಮೇಡಂ. ಪೂರ್ತಿ ಇಲ್ಲ ಅಂದಿಲ್ಲ."

"ಪರಿಶೀಲಿಸ್ತಾರಂತೆ! ಯಾರೋ, ಯಾವಾಗೋ?"

ರುಖ್ಸಾರ್ ಮೆಲ್ಲಗೆ ಕೇಳಿದಳು: "ನೀನು ಒಂದ್ ಮಾತು ಹೇಳಿದ್ರೆ ಸಾಕಿತ್ತಲ್ಲ ಮಹೇಂದ್ರ. ಯಾಕೆ ಹೇಳ್ಲಿಲ್ಲ?"

"ಎಲ್ರೂ ನನ್ನ ಅವ್ರಲ್ಲೊಬ್ಬ ಅನ್ನೋ ಥರ ಮಾತಾಡಿಸ್ತಿದ್ರು ಕಣೇ. ಆ ಅಮೆರಿಕದ ಹುಡುಗ ನನ್ ಹೆಗಲ ಮೇಲೆ ಕೈ ಹಾಕಿದ್ದ. ಆಗ ಎದ್ದು ಇಲ್ಲ ಅನ್ನಕ್ಕೆ... ಆಗ್ಲಿಲ್ಲ."

ಕೆನ್ನೆಗೊಂದು ಬಿಡೋಣ ಅನ್ನಿಸಿತು. ಬಿಡಲಿಲ್ಲ, ಸರ್ಕಾರಿ ಕೆಲಸ.

ಇನ್ನೊಂದು ದಾರಿ ಉಳಿದಿತ್ತು. ಸಂಜೆ ಮುಕ್ತಾಯದ ಸಭೆಯಲ್ಲಿ ಇಡೀ ಘೋಷಣೆಯನ್ನು ಒಮ್ಮೆ ಓದಿ, ಆಕ್ಷೇಪಣೆ ಇದೆಯೇ ಎಂದು ಕೊನೆಯ ಸಲ ಕೇಳಲೇಬೇಕು. ಅವರದೇ ನಿಯಮ. ರುಖ್ಸಾರ್‌ಗೆ ಅದು ನೆನಪಿದೆ ಎಂದು ಶೇಖರಪ್ಪನವರಿಗೂ ಹೊಳೆದಿರಬೇಕು. ನಮ್ಮಿಬ್ಬರನ್ನೂ ತಮ್ಮ ಕೊಠಡಿಗೆ ಕರೆಸಿದರು. ಪಿಂಗಾಣಿ ಕಪ್ಪಿನಲ್ಲಿ ಟೀ ಬಂತು. ನಾನು ಮುಟ್ಟಲಿಲ್ಲ.

"ನೋಡಮ್ಮ ರುಖ್ಸಾರ್, ನಿನ್ನೆಯಿಂದ ನಿನ್ನ ನೋಡ್ತಿದೀನಿ. ನಮ್ಮ ಮಕ್ಕಳಲ್ಲಿ ನಿನ್ನಷ್ಟು ಓದ್ಕೊಂಡು ಬಂದಿರೋರು ಒಬ್ಬರೂ ಇಲ್ಲ. ತೀರ್ಪುಗಾರರು ನಿನ್ ಹೆಸರು ಹೇಳಿ ಆಗಿದೆ. ಸೀಟು ನಿಂದೇ." ಟೀ ಗುಟುಕರಿಸಿ, "ಸಾಯಂಕಾಲ ಮುನಿರತ್ನ ಆಕ್ಷೇಪಣೆ ಕೇಳಿದಾಗ ಸುಮ್ನೆ ಕೂತಿರು, ಅಷ್ಟೇ," ಎಂದರು.

ಅವಳು ಕೈಯಲ್ಲಿದ್ದ ಕಪ್ಪನ್ನು ಕೆಳಗಿಟ್ಟಳು.

"ಮೂರನೇ ಕಲಂ ವಾಪಸ್ ಹಾಕಿದ್ರೆ ಕೂತಿರ್ತೀನಿ ಸರ್."

ಅವರು ನಕ್ಕರು. "ಇದು ಆಟ ಕಣಮ್ಮ. ಇಲ್ಲಿ ನೀನು ಏನು ಹೇಳಿದ್ರೂ ಬೆನಿನ್‌ನಲ್ಲಿ ಒಂದು ಹಿಡಿ ಹತ್ತಿ ಹೆಚ್ಚಾಗಲ್ಲ, ಕಮ್ಮಿನೂ ಆಗಲ್ಲ. ಬೆನಿನ್‌ನೋರಿಗೆ ನೀನಿರೋದೇ ಗೊತ್ತಿಲ್ಲ. ಇಲ್ಲಿ ನಿಜವಾದ್ದು ಅಂದ್ರೆ ನಿನ್ ಸೀಟು ಒಂದೇ. ಬುದ್ಧಿವಂತೆ, ಯೋಚ್ನೆ ಮಾಡು."

"ಆಟ ಆದ್ರೆ ಆಡಕ್ಕೆ ಬಿಡಿ," ಎಂದೆ ನಾನು. "ನಿಮಗ್ಯಾಕೆ ಇಷ್ಟು ಬೆವರು?"

"ಸರಳಾ ಮೇಡಂ, ರಾಯಭಾರಿ ಆಗಿದ್ದೋರು ಮುಖ್ಯ ಅತಿಥಿ ಆಗಿ ಬರ್ತಿದಾರೆ. ಅವರ ಕೈಲಿ ಘೋಷಣೆ ಬಿಡುಗಡೆ ಮಾಡಿಸ್ಬೇಕು. ಪತ್ರಿಕೆಯೋರೂ ಇದಾರೆ. ಪ್ರತಿವರ್ಷ ಒಮ್ಮತ ಆಗಿದೆ, ಈ ಸಲ ಆಗ್ಲಿಲ್ಲ ಅಂದ್ರೆ ಸಂಸ್ಥೆಗೆ ಅವಮಾನ." ಆಮೇಲೆ ನನ್ನತ್ತ ಬಾಗಿ, "ನಿಮ್ಮದು ಇನ್ನೂ ಅತಿಥಿ ಹುದ್ದೇನೇ ಅಲ್ವಾ? ಪ್ರತಿವರ್ಷ ಹೊಸದಾಗಿ ತಗೋಬೇಕು. ಮೇಲಿನೋರು ಕೆಲವರು ನನಗೂ ಪರಿಚಯ," ಎಂದರು.

ಮೈ ಉರಿದುಹೋಯಿತು. "ಪರಿಚಯ ಇದ್ರೆ ಹೇಳಿ ಸರ್. ಸರಳಾ ಬಾಯಿಬಡುಕಿ ಅಂತ ಅವರಿಗೂ ಗೊತ್ತು," ಎಂದು ಎದ್ದು ಬಂದೆ.

ಆದರೆ ಕಾರಿಡಾರಿಗೆ ಬಂದ ಮೇಲೆ ನನ್ನ ಜೋರೆಲ್ಲ ಇಳಿಯಿತು. ಹುಡುಗಿ ಕಿಟಕಿಯ ಹತ್ತಿರ ನಿಂತು ಎದುರಿನ ಲೈಬ್ರರಿ ಕಟ್ಟಡವನ್ನು ನೋಡುತ್ತಿದ್ದಳು. ಮೂರು ಅಂತಸ್ತಿನ ಲೈಬ್ರರಿ. ಒಳಗೆ ದೀಪ ಹಾಕಿದ್ದರು, ಪುಸ್ತಕದ ಕಪಾಟುಗಳು ಹೊರಗಿನಿಂದಲೇ ಕಾಣುತ್ತಿದ್ದವು. ಶೇಖರಪ್ಪ ಹೇಳಿದ್ದರಲ್ಲಿ ಸುಳ್ಳೇನಿದೆ ಎಂದು ನನಗೇ ಅನ್ನಿಸಿತು. ಬೆನಿನ್ ಎಲ್ಲಿ, ಈ ಕೂಸು ಎಲ್ಲಿ.

"ನೀನು ಕೂತ್ಕೊಂಡ್ರೂ ನಾನು ಬೈಯಲ್ಲ ಕಣೇ," ಎಂದೆ. "ನಿಜವಾಗ್ಲೂ ಬೈಯಲ್ಲ."

"ಗೊತ್ತು ಮೇಡಂ," ಎಂದಳು. "ಬೈದಿದ್ರೆ ಸುಲಭ ಆಗ್ತಿತ್ತು."

ಸಂಜೆ ಸಭಾಂಗಣ ತುಂಬಿತು. ಮುಖ್ಯ ಅತಿಥಿಗಳು ಮುಂದಿನ ಸೋಫಾದಲ್ಲಿ ಮೊಬೈಲು ನೋಡುತ್ತಾ ಕೂತರು. ನಾನು ಹಿಂದಿನ ಸಾಲಿನಲ್ಲಿ ಉಳಿದ ಮೇಷ್ಟ್ರುಗಳ ಜೊತೆ. ಮುನಿರತ್ನ ಘೋಷಣೆಯನ್ನು ಸರಸರ ಓದಿದ. ಮುಕ್ತ ವ್ಯಾಪಾರ, ಸಹಕಾರ, ಸರ್ವರ ಏಳಿಗೆ. ಹತ್ತಿ ಎಂಬ ಪದವೇ ಇಲ್ಲ.

"ಆಕ್ಷೇಪಣೆ ಇದೆಯೇ?" ಎಂದವನು ಉತ್ತರಕ್ಕೂ ಕಾಯದೆ ಮರದ ಸುತ್ತಿಗೆ ಎತ್ತಿದ.

"ಬೆನಿನ್ ಒಪ್ಪುವುದಿಲ್ಲ."

ಎದ್ದು ನಿಂತಿದ್ದಳು. ಮುನಿರತ್ನನ ಸುತ್ತಿಗೆ ಗಾಳಿಯಲ್ಲೇ ನಿಂತಿತು. ಶೇಖರಪ್ಪನವರು ಮೈಕಿನ ಹತ್ತಿರ ಓಡಿ, ಸಣ್ಣ ವಿರಾಮ ಎಂದರು.

ಆ ವಿರಾಮದಲ್ಲಿ ನಡೆದದ್ದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ದೊಡ್ಡ ದೇಶದವರು ಯಾರೂ ಅವಳ ಹತ್ತಿರ ಬರಲಿಲ್ಲ. ಬಂದವರೆಲ್ಲ ನಮ್ಮವರೇ, ಸೈಕಲ್ ಸ್ಟ್ಯಾಂಡಿನಲ್ಲಿ ಹೂಂ ಎಂದಿದ್ದವರೇ. ಘೋಷಣೆ ಆಗದಿದ್ದರೆ ಯಾರಿಗೂ ಸರ್ಟಿಫಿಕೇಟ್ ಇಲ್ಲ ಎಂದು ಯಾರೋ ಅವರ ಕಿವಿಯಲ್ಲಿ ಊದಿದ್ದರು.

"ಎರಡು ದಿನ ಬಂದಿದ್ದು ವೇಸ್ಟ್ ಮಾಡ್ಬೇಡ ತಾಯಿ."

"ನಿನ್ ಹತ್ತಿ ಒಂದಕ್ಕೆ ನಾವೆಲ್ಲ ಸಾಯ್ಬೇಕಾ?"

"ಏನ್ ಓವರ್ ಆಕ್ಟಿಂಗ್ ಗುರು ಇವ್ಳದು! ಸ್ವಲ್ಪ ಅಡ್ಜಸ್ಟ್ ಮಾಡ್ಕೊಂಡ್ರೆ ಏನ್ ಹೋಗುತ್ತೆ?"

ಥೂ, ನಾಚಿಕೆಗೆಟ್ಟವರು. ನಾನು ಎದ್ದು ಹೋಗಿ, "ನಿನ್ನೆ ಅವಳ ಬೆನ್ನಿಗೆ ನಿಂತು ಕಲಂ ಸೇರಿಸಿದವ್ರು ನೀವೇ ಅಲ್ವೇನ್ರೋ?" ಎಂದು ಕೂಗಿದೆ. ಇಬ್ಬರು ಗಾರ್ಡುಗಳು ಬಂದು, ಮೇಡಂ ದಯವಿಟ್ಟು, ಎನ್ನುತ್ತಾ ನನ್ನನ್ನು ಬಾಗಿಲಾಚೆ ನಿಲ್ಲಿಸಿದರು. ಅಲ್ಲಿಂದ ಗಾಜಿನ ಮೂಲಕ ನೋಡಿದೆ. ಸದ್ದು ಸ್ಪೀಕರಿನಲ್ಲಿ ಕೇಳುತ್ತಿತ್ತು.

ಸಭೆ ಮತ್ತೆ ಸೇರಿತು. ಮುನಿರತ್ನ ಮತ್ತೆ ಕೇಳಿದ. ರುಖ್ಸಾರ್ ಮತ್ತೆ ಎದ್ದಳು.

"ಬೆನಿನ್ ಜೊತೆ ಬೇರೆ ಯಾವುದಾದರೂ ದೇಶ ಇದೆಯೇ?"

ಯಾರೂ ಏಳಲಿಲ್ಲ. ಮಹೇಂದ್ರ ಕುರ್ಚಿಯ ಎರಡೂ ತೋಳುಗಳನ್ನು ಹಿಡಿದುಕೊಂಡಿದ್ದ. ಏಳುತ್ತಾನೆ, ಈಗ ಏಳುತ್ತಾನೆ ಎಂದು ನಾನು ಗಾಜಿಗೆ ಹಣೆ ಒತ್ತಿ ಕಾದೆ. ಅವನು ಕೆಳಗೆ ನೋಡುತ್ತಾ ಕೂತೇ ಇದ್ದ.

"ಹಾಗಾದರೆ ಬೆನಿನ್ ತನ್ನ ಕಾರಣ ಹೇಳಲಿ," ಎಂದ ಮುನಿರತ್ನ. ಅದೂ ನಿಯಮದಲ್ಲಿತ್ತು, ಅವನಿಗೆ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ.

ಅವಳ ಮುಂದೆ ಮೈಕು ತಂದಿಟ್ಟರು. ಇಂಗ್ಲಿಷಿನಲ್ಲಿ ಶುರು ಮಾಡಿದಳು, ತಡವರಿಸಿದಳು, ಯಾರೋ ಕಿಸಕ್ಕೆಂದರು. ಆಗ ಕನ್ನಡಕ್ಕೆ ತಿರುಗಿದಳು.

"ನಮ್ಮ ದೇಶದಲ್ಲಿ ಹತ್ತಿ ಬಿಟ್ರೆ ಮಾರಕ್ಕೆ ಹೆಚ್ಚೇನೂ ಇಲ್ಲ. ನೀವು ದುಡ್ಡು ಸುರಿದು ಬೆಲೆ ಬೀಳಿಸ್ತೀರಿ. ಅದನ್ನ ನಿಲ್ಲಿಸಿ ಅಂತ ಕೇಳಿದ್ವಿ. ನಿಲ್ಲಿಸಲ್ಲ ಅಂದಿದ್ರೆ ಅದೊಂದು ಉತ್ತರ. ನಾವು ಕೇಳೇ ಇಲ್ಲ ಅನ್ನೋ ಹಾಗೆ ಅಳಿಸಿಬಿಟ್ರಿ. ಅದಕ್ಕೆ ನಮ್ಮ ಒಪ್ಪಿಗೆ ಇಲ್ಲ. ನಾವು ಚಿಕ್ಕವರು, ನಿಮ್ಮ ಕೈಲಿ ಏನೂ ಮಾಡಿಸಕ್ಕೆ ಆಗಲ್ಲ. ನಮ್ಮ ಹೆಸರಲ್ಲಿ ನೀವು ಹೂಂ ಅನ್ನೋದನ್ನ ಮಾತ್ರ ತಡೀಬಹುದು. ತಡೀತಿದೀನಿ."

ಕೂತಳು. ಮುಖ್ಯ ಅತಿಥಿಗಳು ಮೊಬೈಲು ಕೆಳಗಿಟ್ಟು ತಲೆ ಎತ್ತಿದ್ದರು. ಮುನಿರತ್ನ ಡೀನರನ್ನು ನೋಡಿದ, ಡೀನರು ಸೂರು ನೋಡಿದರು. ಕೊನೆಗೆ ಅವನೇ ಗಂಟಲು ಸರಿಮಾಡಿಕೊಂಡು, "ಒಮ್ಮತ ಇಲ್ಲ. ಘೋಷಣೆ ಬಿದ್ದಿದೆ," ಎಂದ. ಬಾಗಿಲಾಚೆ ನಾನೊಬ್ಬಳೇ ಚಪ್ಪಾಳೆ ಹೊಡೆದೆ. ಗಾರ್ಡುಗಳು ನನ್ನನ್ನು ಹುಚ್ಚಿ ಎಂದುಕೊಂಡಿರಬೇಕು.

ಆಮೇಲೆ ಶೇಖರಪ್ಪನವರು ಮೈಕು ಹಿಡಿದು, ಒಬ್ಬ ಪ್ರತಿನಿಧಿಯ ಅಪ್ರಬುದ್ಧತೆಯಿಂದ ಇಡೀ ಜಗತ್ತಿನ ಶ್ರಮ ವ್ಯರ್ಥವಾಯಿತು ಎಂದು ವಿಷಾದಿಸಿದರು. ಆದರೂ ಸರ್ಟಿಫಿಕೇಟುಗಳನ್ನು ಕೊಟ್ಟರು, ಎಲ್ಲರಿಗೂ. ಯಾರಿಗೂ ಇಲ್ಲ ಎಂದು ಹೆದರಿಸಿದ್ದು ಬರೀ ಪೊಳ್ಳು. ಪುಕ್ಕಟೆ ಸೀಟು, ಹೊಂದಾಣಿಕೆಯ ಗುಣವನ್ನು ಮೆಚ್ಚಿ, ಮಾಲಿಗೆ. ಮಹೇಂದ್ರ ವೇದಿಕೆ ಹತ್ತಿದ. ಸಣ್ಣ ದೇಶಗಳು ಜೋರಾಗಿ ಚಪ್ಪಾಳೆ ತಟ್ಟಿದವು.

ಕೋಗಿಲು ಕ್ರಾಸಿನಲ್ಲಿ ಬಸ್ಸು ಸಿಕ್ಕಿತು. ಜನ ಕಮ್ಮಿ. ಮಹೇಂದ್ರ ಮುಂದೆ ಕೂತಿದ್ದವನು ಜಕ್ಕೂರು ದಾಟಿದ ಮೇಲೆ ಹಿಂದೆ ಬಂದು ನಮ್ಮ ಸೀಟಿನ ಪಕ್ಕ ಕಂಬಿ ಹಿಡಿದು ನಿಂತ. ಕೈಯಲ್ಲಿ ಪುಕ್ಕಟೆ ಸೀಟಿನ ಲಕೋಟೆ.

"ರುಖ್ಸಾರ್, ಇದು ನೀನು ಇಟ್ಕೋ ಕಣೇ. ನಮ್ಮಪ್ಪ ಹೆಂಗಿದ್ರೂ ನನ್ನ ಎಂ.ಬಿ.ಎ.ಗೆ ಹಾಕ್ತಾರೆ. ಡೀನ್‌ಗೆ ನಾನೇ ಹೇಳ್ತೀನಿ, ಇದು ನಿಂಗೆ ಸೇರ್ಬೇಕು ಅಂತ."

"ಅದನ್ನ ಅಲ್ಲಿ ಎದ್ದು ಹೇಳ್ಬೇಕಿತ್ತು," ಎಂದಳು.

ಅವನು ಲಕೋಟೆ ಹಿಡಿದುಕೊಂಡೇ ಮುಂದೆ ಹೋದ. ನಾನೂ ಅವನನ್ನು ತಡೆಯಲಿಲ್ಲ. ಇದೊಂದು ಹೋದರೇನು, ಇನ್ನೂ ಎಷ್ಟೋ ಕಾಲೇಜಿವೆ, ಅರ್ಜಿ ಹಾಕೋಣ, ನಾನಿದ್ದೇನೆ, ಎಂದೆಲ್ಲ ಅವಳಿಗೆ ಹೇಳಲು ಶುರು ಮಾಡಿದೆ. ನನ್ನ ಮಾತಿನ ಮೇಲೆ ನನಗೇ ನಂಬಿಕೆ ಬರಲಿಲ್ಲ.

ಅಷ್ಟರಲ್ಲಿ ಅವಳು ಅಳತೊಡಗಿದಳು. ದುಪಟ್ಟಾ ಬಾಯಿಗೆ ಒತ್ತಿಕೊಂಡು, ಚಿಕ್ಕ ಮಕ್ಕಳ ಹಾಗೆ, ಬಿಕ್ಕಿ ಬಿಕ್ಕಿ. ಕಂಡಕ್ಟರು ತಿರುಗಿ ನೋಡಿದ.

"ಬೇಕಿತ್ತು ಮೇಡಂ ನಂಗೆ. ಎಷ್ಟು ಬೇಕಿತ್ತು ಅಂತ ನಿಮಗೆ ಗೊತ್ತಿಲ್ಲ."

"ತಪ್ಪು ಮಾಡಿದೆ ಅನ್ನಿಸ್ತಿದ್ಯೇನೇ?" ಎಂದು ಕೇಳಿದೆ. "ಈಗ ಮತ್ತೆ ಕೇಳಿದ್ರೆ ಕೂತಿರ್ತಿದ್ಯಾ?"

ಅವಳು ಮೂಗು ಒರೆಸಿಕೊಂಡು ನನ್ನನ್ನು ನೋಡಿದಳು. ಆ ನೋಟದಲ್ಲಿ ನನ್ನ ಮೇಲೂ ಸಿಟ್ಟಿತ್ತು.

"ಇಲ್ಲ ಮೇಡಂ. ಮತ್ತೆ ಕೇಳಿದ್ರೂ ಎದ್ದು ನಿಲ್ತೀನಿ. ಎಲ್ಲಿ ಕೇಳಿದ್ರೂ ನಿಲ್ತೀನಿ. ಅದು ಇವತ್ತು ಗೊತ್ತಾಯ್ತು ನಂಗೆ. ಅದಕ್ಕೇ ಅಳು ಬರ್ತಿರೋದು."